ಹೂಂಗುಟ್ಟುವವರಿಗೆ ಈ ಲೈನು ಸಿಗುವುದಿಲ್ಲ

ಮನೆಯಲ್ಲಿ ನಾನು ಯಾವ ಪ್ರಶ್ನೆಯನ್ನೂ ಮೂರು ಸಲಕ್ಕಿಂತ ಹೆಚ್ಚು ಕೇಳುವುದಿಲ್ಲ. "ಚಹಾ ಉಂಟಾ?" ಎಂದು ಒಮ್ಮೆ ಕೇಳುತ್ತೇನೆ. ಉತ್ತರ ಬರದಿದ್ದರೆ ಸ್ವಲ್ಪ ತಡೆದು, ಅದನ್ನೇ ಬಿಡಿಸಿ, "ಕುಡಿಯಲಿಕ್ಕೆ ಚಹಾ ಏನಾದರೂ ಮಾಡಿದ್ದುಂಟಾ?" ಎನ್ನುತ್ತೇನೆ. ಮೂರನೆಯ ಸಲ, "ಚಹಾ ಇದ್ದರೆ ಹೌದು ಅನ್ನು, ಇಲ್ಲದಿದ್ದರೆ ಇಲ್ಲ ಅನ್ನು." ಆಮೇಲೂ ಉತ್ತರವಿಲ್ಲದಿದ್ದರೆ ಚಪ್ಪಲಿ ಮೆಟ್ಟಿಕೊಂಡು ಬಿಲ್ಡಿಂಗಿನ ಕೆಳಗೆ ಇಳಿದುಬಿಡುತ್ತೇನೆ. ನನ್ನ ಹೆಂಡತಿ ಇದನ್ನು ಸಿಟ್ಟು ಎಂದುಕೊಂಡಿದ್ದಾಳೆ. ಸಿಟ್ಟಲ್ಲ ಮಾರಾಯರೇ, ಕೆಲಸದಿಂದ ಅಂಟಿಕೊಂಡ ರೋಗ.

ನಾನು ಇಪ್ಪತ್ತು ವರ್ಷದಿಂದ ಮುಂಬೈಯ ಘಾಟ್ಕೋಪರಿನ ಮನೆಯಿಂದ ದಾದರಿನ ಆಫೀಸಿಗೆ ಹೋಗಿ ಬಂದು ಫೋನಿನ ಮಾತು ಬರೆಯುತ್ತಿದ್ದೇನೆ. ನೀವು ಗ್ಯಾಸಿನವರಿಗೋ ಆಸ್ಪತ್ರೆಗೋ ಫೋನ್ ಮಾಡಿದಾಗ ಒಬ್ಬ ಹೆಂಗಸು ಸವಿಸವಿಯಾಗಿ "ನಿಮಗೆ ಏನು ಬೇಕು, ಹೇಳಿ" ಎನ್ನುತ್ತಾಳಲ್ಲ, ದನಿ ಅವಳದು, ಮಾತು ನನ್ನಂಥವರದು. ವೆಬ್‌ಸೈಟಿನ ಪುಟವನ್ನು ಟ್ಯಾಗ್ ಎನ್ನುವ, ಕೊಕ್ಕೆಯೊಳಗಿನ ಗುರುತುಗಳಿಂದ ಕಟ್ಟುತ್ತಾರೆ ಎಂದು ನೀವು ಕೇಳಿರಬಹುದು. ಅದು ಕಣ್ಣಿಗೆ. ಕಿವಿಗೂ ಅಂಥದೇ ಒಂದು ಭಾಷೆ ಇದೆ, ವಾಯ್ಸ್ ಎಕ್ಸ್‌ಎಂಎಲ್ ಎನ್ನುತ್ತಾರೆ. ಯಂತ್ರ ಕೇಳುವ ಪ್ರಶ್ನೆಗೆ ಒಂದು ಗುರುತು, ಜನ ಕೊಡಬಹುದಾದ ಉತ್ತರಗಳ ಪಟ್ಟಿಗೆ ಇನ್ನೊಂದು. ಜನ ಮಾತೇ ಆಡದಿದ್ದರೆ ಏನು ಮಾಡಬೇಕು, ಆಡಿದ ಮಾತು ಪಟ್ಟಿಯಲ್ಲಿ ಇಲ್ಲದಿದ್ದರೆ ಏನು ಮಾಡಬೇಕು ಎನ್ನುವುದಕ್ಕೂ ಬೇರೆ ಬೇರೆ ಗುರುತುಗಳಿವೆ. ಮೂರು ಸಲ ಸೋತರೆ "ಧನ್ಯವಾದ, ನಿಮ್ಮ ದಿನ ಶುಭವಾಗಲಿ" ಎಂದು ಹೇಳಿ ಫೋನ್ ಇಡುವುದು. ಇಷ್ಟೇ ನನ್ನ ಸಾಹಿತ್ಯ.

ಈ ಭಾಷೆಯ ಮೊದಲ ನಿಯಮ, ಮಾತಿನ ಶುರುವಿನಲ್ಲಿ ತೆರೆದ ಗುರುತನ್ನು ಕೊನೆಯಲ್ಲಿ ಮುಚ್ಚಲೇಬೇಕು. ಮುಚ್ಚದಿದ್ದರೆ ಇಡೀ ಪುಟವೇ ಓಡುವುದಿಲ್ಲ. ಇದನ್ನು ಕಲಿಯುವಾಗ ನನಗೆ ಬಹಳ ನಗು ಬಂದಿತ್ತು. ಏಕೆಂದರೆ ನಾನು ಉಡುಪಿ ಕಡೆಯವನು. ನಮ್ಮವರು ಮಾತನ್ನು ಮುಚ್ಚಿದ್ದನ್ನು ನಾನು ಕಂಡವನಲ್ಲ. "ಬರ್ತೇನೆ ಆಯ್ತಾ" ಎಂದು ಎದ್ದ ನೆಂಟರು ಬಾಗಿಲಲ್ಲಿ ಅರ್ಧ ಗಂಟೆ, ಮೆಟ್ಟಿಲಲ್ಲಿ ಕಾಲು ಗಂಟೆ ನಿಂತು, ಕೆಳಗೆ ರಿಕ್ಷಾ ಹತ್ತಿದ ಮೇಲೂ ತಲೆ ಹೊರಗೆ ಹಾಕಿ, ನಿಜವಾಗಿ ಹೇಳಬೇಕೆಂದು ಬಂದಿದ್ದ ವಿಷಯವನ್ನು ಆಗ ಹೇಳುತ್ತಾರೆ. ಇಂಥ ಜನರ ಮಾತನ್ನು ಕೊಕ್ಕೆಯೊಳಗೆ ಕೂರಿಸುವುದು ಎಷ್ಟು ಕಷ್ಟ ಎಂದು ನನಗೆ ಮೊದಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಎರಡು ವರ್ಷದ ಹಿಂದೆ ಒಂದು ಕಣ್ಣಿನ ಆಸ್ಪತ್ರೆಯವರು ನಮ್ಮಲ್ಲಿಗೆ ಬಂದರು. ಕಿಟಕಿಯ ಮುಂದೆ ಸಾಲು ನಿಲ್ಲಿಸಿ ಚೀಟಿ ಕೊಡುವುದನ್ನು ಬಿಟ್ಟು, ಇನ್ನು ಮುಂದೆ ಫೋನಿನಲ್ಲೇ ದಿನ ಗೊತ್ತುಮಾಡಿಕೊಳ್ಳಬೇಕೆಂದು ಅವರ ಆಲೋಚನೆ. ಹಿಂದಿ, ಮರಾಠಿ, ಗುಜರಾತಿ, ಇಂಗ್ಲಿಷ್ ಸಾಕು ಎಂದರು. ಹೋಟೆಲು ನಡೆಸುವ ನಮ್ಮ ಕರಾವಳಿಯವರೂ ಕಟ್ಟಡದ ಕೆಲಸಕ್ಕೆ ಬಂದ ಉತ್ತರ ಕರ್ನಾಟಕದವರೂ ಈ ಊರಲ್ಲಿ ಎಷ್ಟಿದ್ದಾರೆ ಗೊತ್ತೇ ಎಂದು ನಾನು ಮೀಟಿಂಗಿನಲ್ಲಿ ಒಂದು ಸಣ್ಣ ಭಾಷಣವನ್ನೇ ಬಿಗಿದೆ. ನಮ್ಮ ಮ್ಯಾನೇಜರ್ ಸಾವಂತ್ ಸಾಹೇಬರು ಒಳ್ಳೆಯ ಮನುಷ್ಯ. "ಠೀಕ್ ಹೈ ಅಣ್ಣಾ, ತುಮ್ ಹಿ ಲಿಖೋ" ಎಂದರು. ಮುಂಬೈಯಲ್ಲಿ ನಮ್ಮ ಕಡೆಯವರೆಲ್ಲ ಎಲ್ಲರಿಗೂ ಅಣ್ಣಂದಿರೇ. ನಾನೇ ಬರೆದೆ. ಬೇರೆ ಊರಿನ ಸ್ಟುಡಿಯೋದಲ್ಲಿ ಯಾರೋ ಒಬ್ಬಳು ಒಂದೇ ಮಧ್ಯಾಹ್ನ ಕೂತು ನನ್ನ ವಾಕ್ಯಗಳನ್ನೆಲ್ಲ ಓದಿ ಹೋದಳು. ಕನ್ನಡಕ್ಕೆ ಐದನೆಯ ನಂಬರು ಸಿಕ್ಕಿತು.

ಆ ದಿನ ನಾನು ಮೊದಲು ಹೇಳಿದ್ದು ಅಕ್ಕನಿಗೆ. ನನ್ನ ದೊಡ್ಡಕ್ಕ ಗಿರಿಜ ಸಾಂತಾಕ್ರೂಜಿನಲ್ಲಿ ಒಂದೊಂದೇ ಕೋಣೆಯ ಮನೆಗಳಿರುವ ಒಂದು ಚಾಳಿನಲ್ಲಿದ್ದಾಳೆ. ಭಾವ ತೀರಿಕೊಂಡ ಮೇಲೆ ಸೀರೆಗಳಿಗೆ ಫಾಲ್ ಹಚ್ಚಿ ಬದುಕು ನಡೆಸಿದವಳು. ಅವಳ ಕಣ್ಣಿಗೆ ಗ್ಲಾಕೋಮಾ. ಕಣ್ಣೊಳಗಿನ ಒತ್ತಡ ಏರಿ ನೋವಿಲ್ಲದೆ ದೃಷ್ಟಿಯನ್ನು ಅಂಚಿನಿಂದ ತಿನ್ನುತ್ತ ಬರುವ ರೋಗ ಅದು. ಹೋದದ್ದು ಮರಳುವುದಿಲ್ಲ. ಎರಡು ತಿಂಗಳಿಗೊಮ್ಮೆ ಒತ್ತಡ ನೋಡಿಸಿ, ಬೇಕಾದರೆ ತೊಟ್ಟು ಮದ್ದು ಬದಲಾಯಿಸಬೇಕು. ಅವಳು ತೋರಿಸುತ್ತಿದ್ದುದು ಅದೇ ಆಸ್ಪತ್ರೆಯಲ್ಲಿ. ಇನ್ನು ನೀನು ಸಾಲಿನಲ್ಲಿ ನಿಲ್ಲಬೇಕಿಲ್ಲ, ಕನ್ನಡದಲ್ಲೇ ಫೋನ್ ಮಾಡು ಎಂದಾಗ ಅವಳಿಗೆ ಆದ ಸಂತೋಷ ಹೇಳಲಿಕ್ಕಿಲ್ಲ. "ನನ್ನ ತಮ್ಮ ಮಾಡಿದ್ದು" ಎಂದು ಚಾಳಿನ ಎರಡೂ ಮಹಡಿಗೆ ಸಾರಿದಳು. ಆಮೇಲೆ ಪ್ರತಿ ಭಾನುವಾರ ನಾನು ಫೋನಿನಲ್ಲಿ "ಕಣ್ಣು ತೋರಿಸಿದೆಯಾ?" ಎಂದು ಕೇಳುವುದು, ಅವಳು "ಅದೆಲ್ಲ ಆಗ್ತದೆ, ನೀನು ಊಟ ಸರಿ ಮಾಡ್ತೀಯಲ್ಲ?" ಎನ್ನುವುದು. ಅದರಲ್ಲಿ ಉತ್ತರವಿಲ್ಲ ಎಂದು ಹಿಡಿಯಬೇಕಾದದ್ದು ನನ್ನ ಕಸುಬು. ಅಕ್ಕನಲ್ಲವೇ ಎಂದು ಬಿಟ್ಟೆ.

ಹೋದ ವರ್ಷ ಸಾವಂತ್ ಸಾಹೇಬರು ಒಂದು ವರದಿ ಹಿಡಿದು ನನ್ನ ಮೇಜಿಗೆ ಬಂದರು. ಉಳಿದ ನಾಲ್ಕು ಭಾಷೆಯವರು ದಿನ ಗೊತ್ತುಮಾಡಿಕೊಳ್ಳುತ್ತಿದ್ದಾರೆ, ಕನ್ನಡದ ಕರೆಗಳು ಮಾತ್ರ ಹೆಚ್ಚುಕಡಿಮೆ ಎಲ್ಲವೂ ಮೂರನೆಯ ಸೋಲಿಗೆ ಕಡಿದುಹೋಗುತ್ತಿವೆ. "ಅಣ್ಣಾ, ಕನ್ನಡವಾಲೇ ಫೋನ್ ತೋ ಕರ್ತೇ ಹೈಂ, ಲೇಕಿನ್ ಬೋಲ್ತೇ ಕ್ಯೂಂ ನಹೀಂ?" ಎಂದು ಕೇಳಿದರು. ನಮ್ಮವರು ಮಾತಾಡುವುದಿಲ್ಲವೇ! ನನಗೆ ಕೆಟ್ಟ ಕೋಪ ಬಂತು. ಕಡಿದುಹೋದ ಕರೆಗಳ ರೆಕಾರ್ಡಿಂಗ್ ತೆಗೆಸಿ ಕಿವಿಗೆ ಹಾಕಿಕೊಂಡು ಕೂತೆ.

ಮೊದಲನೆಯವನು ಉತ್ತರ ಕರ್ನಾಟಕದವನು, ಹಿಂದೆ ಕಾಂಕ್ರೀಟ್ ಕಲಸುವ ಯಂತ್ರದ ಸದ್ದು. ನನ್ನ ಯಂತ್ರದ ಹೆಂಗಸು, "ನಮಸ್ಕಾರ, ನೀವು ಯಾವ ಡಾಕ್ಟರನ್ನು" ಎನ್ನುವಷ್ಟರಲ್ಲಿ ಅವನು "ಹ್ಞೂಂರಿ" ಎಂದ. ಅವಳು ಅಲ್ಲಿಗೇ ನಿಂತು, "ಕ್ಷಮಿಸಿ, ನಿಮ್ಮ ಉತ್ತರ ತಿಳಿಯಲಿಲ್ಲ" ಎಂದಳು. ಮತ್ತೆ ಶುರುಮಾಡಿದಳು. ಅವನು ಮತ್ತೆ "ಹ್ಞೂಂ, ಹ್ಞೂಂ" ಎಂದ. "ಕ್ಷಮಿಸಿ." ಆಗ ಅವನು, "ಏ, ನಾ ಇನ್ನಾ ಏನೂ ಅಂದೇ ಇಲ್ರೀ ಅಕ್ಕಾರ! ನೀವು ಹೇಳ್ರಿ, ನಾ ಕೇಳಾಕತ್ತೀನಿ" ಎಂದ. ಅಲ್ಲಿಗೆ ಮೂರಾಯಿತು. ಶುಭದಿನ ಕೋರಿ ಫೋನ್ ಇಟ್ಟಳು.

ರೆಕಾರ್ಡಿಂಗ್ ನಿಲ್ಲಿಸಿ ನಾನು ಬರೆದ ಕಡತವನ್ನು ತೆರೆದೆ. ಜನ ಗಡಿಬಿಡಿಯಲ್ಲಿರುತ್ತಾರೆ, ಲೋಕಲ್ ರೈಲು ಹಿಡಿಯುವ ಅವಸರದಲ್ಲಿ ಪ್ರಶ್ನೆ ಪೂರ್ತಿ ಕೇಳುವ ತಾಳ್ಮೆ ಇರುವುದಿಲ್ಲ ಎಂದು ನಾನೇ ಒಂದು ಅನುಕೂಲ ಮಾಡಿಟ್ಟಿದ್ದೆ. ಯಂತ್ರ ಮಾತಾಡುತ್ತಿರುವಾಗ ಯಾರಾದರೂ ನಡುವೆ ದನಿ ತೆಗೆದರೆ ಅದು ತನ್ನ ಮಾತು ನಿಲ್ಲಿಸಿ ಅವರ ಮಾತು ಕೇಳಬೇಕು. ಬಾರ್ಜ್ ಇನ್ ಎಂದು ಅದರ ಹೆಸರು, ಒಂದೇ ಪದದ ಗುರುತು. ಹಿಂದಿ ಮರಾಠಿಗಳಲ್ಲಿ ಸುಮ್ಮನೆ ಹಾಂಗುಟ್ಟಿದರೆ ಕಿವಿಗೆ ಹಾಕಿಕೊಳ್ಳಬೇಡ ಎನ್ನುವ ಪಟ್ಟಿ ಯಾರೋ ಪುಣ್ಯಾತ್ಮರು ಮೊದಲೇ ಮಾಡಿಟ್ಟಿದ್ದರು. ಕನ್ನಡದ ಪಟ್ಟಿ ನಾನು ಮಾಡಬೇಕಿತ್ತು. ಹೌದು, ಇಲ್ಲ, ಸೋಮವಾರ, ಮಂಗಳವಾರ, ಡಾಕ್ಟರರ ಹೆಸರು ಎಲ್ಲವನ್ನೂ ಬರೆದವನು ಹ್ಞೂಂ ಬರೆಯಲಿಲ್ಲ. ಅದು ಮಾತೆಂದೇ ನನಗೆ ಅನಿಸಿರಲಿಲ್ಲ. ಪುಸ್ತಕದ ಕನ್ನಡ ಬರೆಯಲು ಕೂತವನಿಗೆ ಬಾಯಿಯ ಕನ್ನಡ ಮರೆತುಹೋಗಿತ್ತು.

ಹೂಂಗುಟ್ಟದೆ ಕೇಳುವುದು ನಮ್ಮಲ್ಲಿ ಕೇಳುವುದೇ ಅಲ್ಲ. ಅಜ್ಜಿ ಕತೆ ಹೇಳುವಾಗ ನಾವು ಹೂಂಗುಟ್ಟುವುದು ನಿಲ್ಲಿಸಿದರೆ ಅವಳು ರಾಕ್ಷಸನನ್ನು ಕತ್ತಿಯೆತ್ತಿದ ಭಂಗಿಯಲ್ಲೇ ಬಿಟ್ಟು ಮಲಗಿಬಿಡುತ್ತಿದ್ದಳು. ಪುರಾಣಗಳಲ್ಲೂ ನೋಡಿ, ಹೇಳುವ ಋಷಿಗೊಬ್ಬ ಕೇಳುವವನು ಇದ್ದೇ ಇರುತ್ತಾನೆ. ಆಗಾಗ ಅವನೊಂದು ದನಿ ಕೊಡದಿದ್ದರೆ ಕತೆ ಮುಂದಿನ ಅಧ್ಯಾಯಕ್ಕೆ ಹೋಗುವುದೇ ಇಲ್ಲ. ಇನ್ನು ಫೋನಿನಲ್ಲಂತೂ ಮೂರು ಮಾತಿಗೊಂದು ಹ್ಞೂಂ ಬರದಿದ್ದರೆ ಆಚೆಯವರು "ಹಲೋ? ಹಲೋ? ಇದ್ದೀಯಾ?" ಎಂದು ಗಾಬರಿಯಾಗುತ್ತಾರೆ. ನೀವು ಹೇಳುತ್ತಿರುವುದಕ್ಕೆ ಬೆಲೆ ಇದೆ, ನಾನು ಇಲ್ಲೇ ಇದ್ದೇನೆ ಎನ್ನುವುದನ್ನು ನಮ್ಮವರು ಹಾಗೆ ಹೇಳುತ್ತಾರೆ. ಆ ಮರ್ಯಾದೆಯನ್ನೇ ನಾನು ತಪ್ಪು ಎಂದು ಎಣಿಸಿ, ಮೂರು ತಪ್ಪಿಗೆ ಹೊರಗೆ ಹಾಕುವ ಯಂತ್ರ ಕಟ್ಟಿದ್ದೆ.

ಹನ್ನೆರಡನೆಯದೋ ಹದಿಮೂರನೆಯದೋ ಕರೆ ಅಕ್ಕನದು.

"ನಮಸ್ಕಾರ, ನೀವು ಯಾವ..." "ಹ್ಞಾ, ನಮಸ್ಕಾರ." "ಕ್ಷಮಿಸಿ, ನಿಮ್ಮ ಉತ್ತರ ತಿಳಿಯಲಿಲ್ಲ. ನೀವು..." "ಹ್ಞೂಂ, ಹೇಳಿ ಹೇಳಿ." "ಕ್ಷಮಿಸಿ..." "ಅಯ್ಯೋ, ನನ್ನದೇ ತಪ್ಪು. ನೀವು ಹೇಳಿ ಆಯ್ತಾ, ನಾನು ಬಾಯಿ ಮುಚ್ಚಿ ಕೂತ್ಕೊಳ್ತೇನೆ." ಅಲ್ಲಿಗೆ ಮೂರಾಗಿತ್ತು. "ಧನ್ಯವಾದ, ನಿಮ್ಮ ದಿನ ಶುಭವಾಗಲಿ" ಎಂದು ಯಂತ್ರ ಹೇಳಿತು. ಲೈನು ಕಡಿಯುವ ಮೊದಲು ಅಕ್ಕ, "ನಿಮಗೂ ಆಗ್ಲಿ" ಎಂದದ್ದು ಕೇಳಿಸಿತು.

ಅಕ್ಕನವೇ ಹನ್ನೊಂದು ಕರೆಗಳಿದ್ದವು, ಲೈನು ಶುರುವಾದಂದಿನಿಂದ ಏಳು ತಿಂಗಳ ಉದ್ದಕ್ಕೆ. ಕೊನೆಯ ಎರಡರಲ್ಲಿ ಅವಳು ಉಸಿರೂ ಕೇಳದ ಹಾಗೆ ಸುಮ್ಮನಿದ್ದಾಳೆ. ಪ್ರಶ್ನೆ ಮುಗಿದ ಮೇಲೂ, ಇವರು ಇನ್ನೂ ಏನೋ ಹೇಳಲಿಕ್ಕಿದ್ದಾರೆ ಎಂದು ಕಾದಿದ್ದಾಳೆ. ಯಂತ್ರ ಅದನ್ನು ಮೌನ ಎಂದು ಬರೆದುಕೊಂಡು ಮೂರು ಸಲ ಕೇಳಿ ಫೋನ್ ಇಟ್ಟಿದೆ.

ಮಧ್ಯಾಹ್ನದ ಸ್ಲೋ ಲೋಕಲ್ ಹಿಡಿದು ಸಾಂತಾಕ್ರೂಜಿಗೆ ಓಡಿದೆ. ಅಕ್ಕ ಬಾಗಿಲಲ್ಲಿ ಕೂತು, ಸೂಜಿಯ ಕಣ್ಣನ್ನು ಬಲಗಡೆಗೆ ಹಿಡಿದು ದಾರ ಪೋಣಿಸುತ್ತಿದ್ದಳು. ನಾನು ಎಡಗಡೆಯಿಂದ ಹೋಗಿ ನಿಂತೆ. ಕೆಮ್ಮುವವರೆಗೆ ಅವಳಿಗೆ ನಾನು ಕಾಣಲಿಲ್ಲ.

"ಯಾಕೆ ಹೇಳಲಿಲ್ಲ?" ಎಂದು ಕೂಗಿದೆ. ಕೂಗಿದ್ದು ಅವಳ ಮೇಲೆ, ನಾಚಿಕೆ ನನ್ನ ಮೇಲೆ.

"ಎಂತ ಹೇಳೂದು ಮಾರಾಯ? ಆ ಹೆಂಗಸಿಗೆ ಪುರುಸೊತ್ತೇ ಇಲ್ಲ, ಪಾಪ. ಎಷ್ಟು ಜನರ ಫೋನು ಬರ್ತದೋ ಏನೋ. ಲೈನು ಸಿಗೂದಿಲ್ಲ ಅಂತ ನಾನೇ ಹೇಳಿದ್ರೆ ನಿನ್ನ ಹೆಸರು ಹಾಳಲ್ವಾ?"

ಮಾತಾಡುವುದು ಯಂತ್ರ ಎಂದು ನಾನು ಅದುವರೆಗೆ ನೂರು ಸಲ ಹೇಳಿದ್ದೆ. ಯಂತ್ರವೇ ಇರಬಹುದು, ಆದರೆ ಒಳಗೆ ಒಬ್ಬಳು ಕೂತಿರಬೇಕಲ್ಲ ಎಂಬುದು ಅಕ್ಕನ ಲೆಕ್ಕ.

ನಾನೇ ಹಿಂದಿಯಲ್ಲಿ ಫೋನ್ ಮಾಡಿ ದಿನ ಗೊತ್ತುಮಾಡಿ, ಮರುದಿನ ಅವಳನ್ನು ಕೈಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ಒಳ್ಳೆಯವರು, ಬೈಯಲಿಲ್ಲ. ಮೂರು ತಿಂಗಳ ಹಿಂದೆ ಮದ್ದು ಬದಲಾಯಿಸಿದ್ದರೆ ಉಳಿಯುತ್ತಿತ್ತು, ಎಡಗಣ್ಣಿನಲ್ಲಿ ಇನ್ನು ಒಂದು ಕಂಡಿಯಷ್ಟೇ ಬೆಳಕು, ಬಲಗಣ್ಣನ್ನಾದರೂ ಕಾಪಾಡಿಕೊಳ್ಳೋಣ ಎಂದರು. ಅಕ್ಕ "ಒಂದು ಉಂಟಲ್ಲ, ಸಾಕು" ಎಂದು ನನಗೇ ಸಮಾಧಾನ ಹೇಳಿದಳು. ನಾನು ಆಸ್ಪತ್ರೆಯ ಕಕ್ಕಸಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ಐವತ್ತೆರಡು ವರ್ಷದವನು ಅಳುವುದು ಚೆಂದವಲ್ಲ ಎಂದು ಗೊತ್ತು. ಆದರೆ ಒಂದು ಪಟ್ಟಿಯಲ್ಲಿ ಒಂದು ಶಬ್ದ ಬಿಟ್ಟದ್ದಕ್ಕೆ ಒಂದು ಕಣ್ಣು ಹೋಗುತ್ತದೆ ಎಂದು ಯಾವ ಭಾಷೆಯ ನಿಯಮದಲ್ಲೂ ನಾನು ಓದಿರಲಿಲ್ಲ.

ಅದೇ ವಾರ ಪಟ್ಟಿ ತಿದ್ದಿದೆ. ಹ್ಞೂಂ, ಹ್ಞಾ, ಹ್ಞೂಂರಿ, ಹೇಳಿ, ಹೇಳ್ರಿ, ಎಲ್ಲವನ್ನೂ ಯಂತ್ರ ಕಿವಿಗೆ ಹಾಕಿಕೊಳ್ಳಬಾರದ ಶಬ್ದಗಳೆಂದು ಸೇರಿಸಿದೆ. ಪರೀಕ್ಷೆ ಮಾಡಿದೆ, ಬಹಳ ಚೆನ್ನಾಗಿ ಓಡಿತು. ಸಾವಂತ್ ಸಾಹೇಬರಿಗೆ ತೋರಿಸಿದರೆ ಅವರು ಆಸ್ಪತ್ರೆಯವರ ಪತ್ರವನ್ನು ನನ್ನ ಮುಂದಿಟ್ಟರು. ವರದಿ ಆಸ್ಪತ್ರೆಗೆ ಹೋಗಿ ಆಗಿತ್ತು, ಕನ್ನಡ ತೆಗೆದುಬಿಡಿ ಎಂದು ಅವರಿಂದ ಬಂದೂ ಆಗಿತ್ತು. "ಜಾವೂ ದೇ ಅಣ್ಣಾ. ವೋ ಲೋಗ್ ಹಿಂದೀ ಸಮಝ್ ಲೇತೇ ಹೈಂ ನಾ" ಎಂದರು. ನಮ್ಮವರಿಗೆ ಹಿಂದಿ ಅರ್ಥವಾಗುತ್ತದೆ ಎನ್ನುವುದು ಸುಳ್ಳೂ ಅಲ್ಲ. ಕಣ್ಣಿನ ಮಾತನ್ನು ಪರಭಾಷೆಯಲ್ಲಿ ಆಡಬೇಕಾದರೆ ನಮ್ಮವರು ಅರ್ಧ ರೋಗವನ್ನು ಮನೆಯಲ್ಲೇ ಬಿಟ್ಟು ಬರುತ್ತಾರೆ ಎಂದು ನಾನು ಹೇಳಿದ್ದನ್ನು ಯಾವ ವರದಿಯಲ್ಲಿ ಬರೆಯುವುದು?

ಬರೆದದ್ದನ್ನು ಅಳಿಸದೆ ಇಲ್ಲವಾಗಿಸುವ ಒಂದು ಗುರುತು ನಮ್ಮ ಭಾಷೆಯಲ್ಲಿದೆ. ಅದರ ನಡುವೆ ಇಟ್ಟದ್ದು ಕಡತದಲ್ಲಿ ಹಾಗೇ ಇರುತ್ತದೆ, ಯಂತ್ರ ಮಾತ್ರ ಅದನ್ನು ದಾಟಿಕೊಂಡು ಹೋಗುತ್ತದೆ. ಐದನೆಯ ನಂಬರಿನ ಕನ್ನಡವನ್ನು ಮೊದಲಿನಿಂದ ಕೊನೆಯವರೆಗೆ ಅದರೊಳಗೆ ಇಟ್ಟು ಮುಚ್ಚಿದವನೂ ನಾನೇ. ಬೇರೆ ಯಾರಿಗೂ ಅದು ಓದಲು ಬರುತ್ತಿರಲಿಲ್ಲ.

ಹೋದ ತಿಂಗಳು ಅಕ್ಕನನ್ನು ಮತ್ತೆ ತೋರಿಸಿಕೊಂಡು ಲೋಕಲಿನಲ್ಲಿ ಹಿಂದೆ ಬರುತ್ತಿದ್ದೆವು. ಈಗ ದಿನ ಗೊತ್ತುಮಾಡುವುದು ನಾನೇ, ಹಿಂದಿಯಲ್ಲಿ. ಅವಳಿಗೆ ಕಿಟಕಿಯ ಸೀಟು ಸಿಕ್ಕಿತ್ತು. ಫೋನಿನಲ್ಲಿ ಈಗ ಕನ್ನಡ ಇಲ್ಲ ಅಕ್ಕ, ತೆಗೆದುಬಿಟ್ಟರು ಎಂದು ಹೇಗೋ ಬಾಯಿಬಿಟ್ಟೆ. ಅಕ್ಕ ನನ್ನನ್ನು ನೋಡಬೇಕೆಂದು ಇಡೀ ಮುಖವನ್ನೇ ತಿರುಗಿಸಿದಳು.

"ಹಾಗಾದ್ರೆ ಆ ಹೆಂಗಸಿನ ಕೆಲಸ ಹೋಯ್ತಾ? ನಾನು ಯಾರ ಹತ್ರವೂ ದೂರು ಹೇಳಲಿಲ್ಲ ಮಾರಾಯ, ದೇವರಾಣೆ."

"ಇಲ್ಲ ಅಕ್ಕ, ಕೆಲಸ ಹೋಗಲಿಲ್ಲ. ದಿನಾ ಆಫೀಸಿಗೆ ಬರುವುದುಂಟು" ಎಂದೆ.

"ಅಷ್ಟಾದ್ರೆ ಸಾಕು" ಎಂದು ಅವಳು ನೆಮ್ಮದಿಯಿಂದ ಕಿಟಕಿಯ ಕಡೆ ತಿರುಗಿದಳು. ನಾನು ಸುಳ್ಳು ಹೇಳಿರಲಿಲ್ಲ. ಹನ್ನೊಂದು ಸಲ ಅವಳ ಫೋನ್ ಕಡಿದವನ ಕೆಲಸ ಹೋಗಿಲ್ಲ. ಅವನು ಅವಳ ಎಡಗಡೆಗೆ, ಅವಳಿಗೆ ಕಾಣದ ಹಾಗೆ ಕೂತಿದ್ದ.