ಸಪ್ಪೆ ಮಾವನ ನಾಯಿ ಬಿಸ್ಕತ್ತು

ನನ್ನ ಸೋದರಮಾವ ಜೀವಮಾನವಿಡೀ ದೊಡ್ಡ ಆಸ್ಪತ್ರೆಯೊಂದರ ಅಡುಗೆಮನೆಯಲ್ಲಿ ಸೌಟು ಹಿಡಿದವರು. ಉಪ್ಪಿಲ್ಲದ ಸೂಪು, ಎಣ್ಣೆ ಕಾಣದ ತರಕಾರಿ, ಖಾರದ ಹೆಸರೂ ಕೇಳಿರದ ಕೋಳಿ. ಅವರ ಕೈರುಚಿಯ ಮಹಿಮೆ ಎಂಥದ್ದೆಂದರೆ, ಹಾಸಿಗೆ ಹಿಡಿದ ರೋಗಿಗಳು ಒಂದೆರಡು ಊಟ ಉಂಡ ಮೇಲೆ ತಾವಾಗಿಯೇ ಎದ್ದು ಕೂತು, "ಡಾಕ್ಟ್ರೇ, ನಂಗೆ ಪೂರ್ತಿ ವಾಸಿಯಾಗಿದೆ, ಮನೆಗೆ ಕಳಿಸಿಬಿಡಿ" ಎನ್ನುತ್ತಿದ್ದರಂತೆ. ಆಸ್ಪತ್ರೆಯ ಕೀರ್ತಿಯಲ್ಲಿ ಮಾವನ ಪಾಲನ್ನು ಯಾರೂ ಗುರುತಿಸಲಿಲ್ಲ. ಬಂಧುಬಳಗ ಮಾತ್ರ ಒಂದು ಬಿರುದು ಕೊಟ್ಟು ಗೌರವಿಸಿತು: ಸಪ್ಪೆ ಮಾವ.

ಮಾವನಿಗೆ ಇದು ಒಳಗೊಳಗೇ ಚುಚ್ಚುತ್ತಿತ್ತು. "ನಂಗೇನು ರುಚಿಯಾಗಿ ಮಾಡೋಕೆ ಬರಲ್ವಾ? ಡಾಕ್ಟ್ರು ಬಿಡಲ್ಲ ಕಣೋ, ಏನ್ಮಾಡ್ಲಿ?" ಎಂದು ಸಿಕ್ಕಿದವರಿಗೆಲ್ಲ ಹೇಳುತ್ತಿದ್ದರು. ಮನೆಯಲ್ಲಿ ಯಾವ ಡಾಕ್ಟರೂ ಇರಲಿಲ್ಲ, ನಿಜ. ಆದರೆ ಅತ್ತೆ ಇದ್ದರು. ಮದುವೆಯಾದ ಹೊಸದರಲ್ಲಿ ಒಮ್ಮೆ ಗಂಡನ ಅಡುಗೆ ಉಂಡವರು, ಆಮೇಲೆ ಒಲೆಯ ಹತ್ತಿರಕ್ಕೂ ಅವರನ್ನು ಬಿಟ್ಟುಕೊಂಡಿರಲಿಲ್ಲ.

ನಿವೃತ್ತಿಯ ದಿನ ಹಾರ, ಭಾಷಣ, ಚಪ್ಪಾಳೆ ಎಲ್ಲ ಮುಗಿಸಿಕೊಂಡು ಮಾವ ಮನೆಗೆ ನಡೆದು ಬಂದರು. ಹಿಂದೆಯೇ ಒಂದು ನಾಯಿ. ಆಸ್ಪತ್ರೆಯ ಹಿತ್ತಲಿನಲ್ಲಿ ಅವರು ಹಾಕಿದ ಉಳಿಕೆ ತಿಂದು ಬೆಳೆದ ಕಂದು ನಾಯಿ ಅದು. ವಾರ್ಡುಗಳ ಹೊರಗೆ ನಿಧಾನಕ್ಕೆ ಸುತ್ತುವುದು, ಎಲ್ಲವನ್ನೂ ಗಂಭೀರವಾಗಿ ನೋಡುವುದು, ಏನನ್ನೂ ಮಾಡದೆ ಹೊರಟುಹೋಗುವುದು ಅದರ ದಿನಚರಿಯಾದ್ದರಿಂದ ಅಡುಗೆಯವರೆಲ್ಲ ಅದಕ್ಕೆ 'ಡೀನ್' ಎಂದು ಹೆಸರಿಟ್ಟಿದ್ದರು.

ಅತ್ತೆ ಬಾಗಿಲಲ್ಲಿ ನಿಂತು ನಾಯಿಯನ್ನೂ ಗಂಡನನ್ನೂ ನೋಡಿದರು. "ನಿಮ್ಮ ಅಡುಗೆ ಹುಡುಕ್ಕೊಂಡು ಬಂದ ಜೀವ ಭೂಮಿ ಮೇಲೆ ಇದೊಂದೇ. ಪಾಪ, ಒಳಗೆ ಕರೀರಿ" ಎಂದರು.

ಹೀಗೆ ಡೀನ್ ಮನೆ ಸೇರಿತು. ಮಾವನಿಗೆ ಹೊಸ ಹುರುಪು ಬಂತು. ಇನ್ನು ಮೇಲೆ ಚೀಟಿ ಬರೆಯುವ ಡಾಕ್ಟರಿಲ್ಲ, ತಟ್ಟೆ ಸರಿಸುವ ರೋಗಿಯಿಲ್ಲ. ಮನುಷ್ಯರ ಅಡುಗೆ ಅತ್ತೆಯ ವಶದಲ್ಲೇ ಇರಲಿ, ನಾಯಿಯ ತಿಂಡಿಯಾದರೂ ತಮ್ಮದೇ ಆಗಲಿ ಎಂದು ನಿರ್ಧರಿಸಿದರು. ಅಂಗಡಿಯ ಪೊಟ್ಟಣದ ಬಿಸ್ಕತ್ತು ಯಾಕೆ, ಮನೆಯಲ್ಲೇ ಮಾಡುತ್ತೇನೆ ಎಂದು ಹಳೆಯ ಪುಟ್ಟ ಓವನ್ನಿನ ಧೂಳು ಕೊಡವಿದರು. ಇಷ್ಟು ಕಾಲ ಕಟ್ಟಿಹಾಕಿದ್ದ ಕೈ ಅದು, ಒಮ್ಮೆಗೇ ಬಿಚ್ಚಿಕೊಂಡಿತು. ಬೆಣ್ಣೆ ಧಾರಾಳವಾಗಿ ಬಿತ್ತು. ಈರುಳ್ಳಿ ಕೆಂಪಗೆ ಹುರಿದುಕೊಂಡಿತು. ಬೆಳ್ಳುಳ್ಳಿ ಜಜ್ಜಿಸಿಕೊಂಡಿತು. ಉಪ್ಪನ್ನಂತೂ ಹಳೆಯ ಸೇಡು ತೀರಿಸಿಕೊಳ್ಳುವವರ ಹಾಗೆ ಸುರಿದರು. ಘಮಘಮ ವಾಸನೆಗೆ ಮೆಟ್ಟಿಲ ಆಚೆಯ ಮನೆಗಳ ಬಾಗಿಲುಗಳು ಒಂದೊಂದಾಗಿ ತೆರೆದುಕೊಂಡವು.

"ಯಾರ ಮನೇದು ಇಷ್ಟು ಚೆನ್ನಾಗಿರೋ ಅಡುಗೆ?" ಎಂದು ಯಾರೋ ಕೇಳಿದರು. ಮಾವನ ಕಣ್ಣು ತುಂಬಿ ಬಂತು.

ಡೀನ್ ಕೂಡ ಕೃಪೆ ತೋರಿ ಪೂರ್ತಿ ತಟ್ಟೆ ಖಾಲಿ ಮಾಡಿತು. ರಾತ್ರಿಯಾಗುವ ಮೊದಲೇ ಅಷ್ಟನ್ನೂ ಅತ್ತೆಯ ಕಾಲೊರೆಸಿನ ಮೇಲೆ ವಾಪಸು ಒಪ್ಪಿಸಿತು. ಒಂದೆರಡು ದಿನದಲ್ಲಿ ಒಸಡು ಬಿಳಿಚಿಕೊಂಡು, ತಲೆ ಎತ್ತಲಾರದೆ ಮೂಲೆ ಹಿಡಿಯಿತು. ಗಂಡ ಹೆಂಡತಿ ಅದನ್ನು ಎತ್ತಿಕೊಂಡು ಪಶುವೈದ್ಯೆಯ ಬಳಿಗೆ ಓಡಿದರು.

ವೈದ್ಯೆ ರಕ್ತ ಪರೀಕ್ಷೆ ಮಾಡಿ, ಏನು ತಿನ್ನಿಸಿದಿರಿ ಎಂದು ಕೇಳಿದರು. ಮಾವ ತುಸು ಹೆಮ್ಮೆಯಿಂದಲೇ ವಿವರಿಸಿದರು.

"ಈರುಳ್ಳಿ, ಬೆಳ್ಳುಳ್ಳಿ ಎರಡೂ ನಾಯಿಗಳ ರಕ್ತ ಕೆಡಿಸ್ತವೆ. ಗೊತ್ತಿರಲಿಲ್ವಾ ನಿಮಗೆ?" ಎಂದರು ವೈದ್ಯೆ.

"ಇಲ್ಲ. ಮತ್ತೆ ಏನು ಹಾಕಬಹುದು?"

"ಉಪ್ಪು ಬೇಡ, ಸಕ್ಕರೆ ಬೇಡ, ಬೆಣ್ಣೆ ಬೇಡ, ಮಸಾಲೆ ಬೇಡ. ಒಣದ್ರಾಕ್ಷಿ, ಚಾಕೊಲೇಟ್ ಹತ್ತಿರಾನೂ ತರಬೇಡಿ. ಓಟ್ಸ್ ಹಿಟ್ಟು, ಬೇಯಿಸಿದ ಸಿಹಿಗುಂಬಳ, ಕ್ಯಾರೆಟ್ಟು, ಒಂದು ಮೊಟ್ಟೆ. ಬೇಕಿದ್ರೆ ಬರೀ ನೀರಲ್ಲಿ ಬೇಯಿಸಿದ ಕೋಳಿ. ಅದೂ ಚೂರು ಚೂರು, ಊಟದ ಬದಲಿಗಲ್ಲ. ಒಟ್ನಲ್ಲಿ ಆಸ್ಪತ್ರೆ ಊಟದ ಥರ ಅಂದ್ಕೊಳ್ಳಿ."

ಮಾವ ಪಕ್ಕದ ಬೆಂಚಿನ ಮೇಲೆ ಕುಸಿದು ಕುಳಿತರು. ಅತ್ತೆ ಸೆರಗು ಬಾಯಿಗಿಟ್ಟುಕೊಂಡು ಹೊರಗೆ ಹೋದರು. ದುಃಖ ತಡೆಯಲಾಗದೆ ಹೋದರೆಂದು ವೈದ್ಯೆ ತಿಳಿದರು. ಹೊರಗೆ ಅವರು ಗೋಡೆಗೆ ಆನಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದುದು ನಮಗೆಲ್ಲ ಗೊತ್ತಾದದ್ದು ಆಮೇಲೆ, ಅವರೇ ಹೇಳಿದಾಗ.

ಔಷಧಿ, ವಿಶ್ರಾಂತಿ ಎಲ್ಲ ಆಗಿ ಡೀನ್ ಚೇತರಿಸಿಕೊಂಡ ಮೇಲೆ ಮಾವ ಮತ್ತೆ ಓವನ್ನಿನ ಮುಂದೆ ನಿಂತರು. ಮುಖದಲ್ಲಿ ವರ್ಗಾವಣೆ ರದ್ದಾದ ನೌಕರನ ಕಳೆ. ಸಿಹಿಗುಂಬಳ ಬೇಯಿಸಿ ಹಿಸುಕಿದರು, ಓಟ್ಸ್ ಪುಡಿ ಬೆರೆಸಿ ನಾದಿದರು, ತೆಳ್ಳಗೆ ಲಟ್ಟಿಸಿ, ಗಂಟಲಿಗೆ ಸಿಕ್ಕದ ಹಾಗೆ ಉಗುರಗಲಕ್ಕೆ ಕತ್ತರಿಸಿದರು. ಸಣ್ಣ ಉರಿಯಲ್ಲಿ ಗರಿಗರಿಯಾಗುವವರೆಗೆ ಒಣಗಿಸಿದರು. ಒಂದನ್ನು ತಾವೇ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು.

"ಹೇಗಿದೆ?" ಅತ್ತೆ ಕೇಳಿದರು.

"ನಮ್ಮ ಮೂರನೇ ವಾರ್ಡೇ ನೆನಪಾಯ್ತು," ಎಂದರು ಮಾವ.

ಆದರೆ ಡೀನ್ ಆ ಬಿಸ್ಕತ್ತಿಗಾಗಿ ಕುಣಿದದ್ದೇ ಕುಣಿದದ್ದು. ಸಂಜೆ ಉದ್ಯಾನಕ್ಕೆ ಮಾವ ಡಬ್ಬಿ ತೆಗೆದುಕೊಂಡು ಹೋದರೆ, ಅಕ್ಕಪಕ್ಕದ ನಾಯಿಗಳೆಲ್ಲ ಒಡೆಯರನ್ನು ಎಳೆದುಕೊಂಡು ಬಂದು ಸಾಲಾಗಿ ಕೂರತೊಡಗಿದವು. ತಾವು ಮಾಡಿದ್ದನ್ನು ಯಾರಾದರೂ ಇನ್ನಷ್ಟು ಕೇಳಿದ್ದು ಮಾವನ ಆಯುಷ್ಯದಲ್ಲಿ ಅದೇ ಮೊದಲು. ವಿನಯ ಅಂದಿಗೇ ಮುಗಿಯಿತು. ಮದುವೆಮನೆಯಲ್ಲಿ, ಸಾವಿನ ಮನೆಯಲ್ಲಿ, ಕ್ಷೌರದಂಗಡಿಯಲ್ಲಿ, ಎಲ್ಲಿ ಕೂತರೂ ಸಿಹಿಗುಂಬಳದ ಉಪನ್ಯಾಸ. "ನಾಯಿಗೆ ನಾಲಿಗೆ ಇದೆ. ನಿಮಗಿರೋದು ಬರೀ ಚಪಲ" ಎಂದು ಬಂಧುಗಳಿಗೆ ನೇರವಾಗಿ ಹೇಳಿದರು. ಮೊದಲೆಲ್ಲ ಜನ ಅವರ ಅಡುಗೆಯಿಂದ ಮಾತ್ರ ತಪ್ಪಿಸಿಕೊಳ್ಳುತ್ತಿದ್ದರು. ಈಗ ಅವರಿಂದಲೇ ತಪ್ಪಿಸಿಕೊಳ್ಳತೊಡಗಿದರು.

ಆ ಹೊತ್ತಿಗೆ ಅತ್ತೆಯ ತಮ್ಮ ಒಂದು ತಿಂಗಳು ಇದ್ದು ಹೋಗಲು ಬಂದ. ಅವನನ್ನು ಮನೆಯಲ್ಲಿ ಎಲ್ಲರೂ 'ವಿಶ್ವಕೋಶ' ಎನ್ನುತ್ತಾರೆ. ಜಗತ್ತಿನಲ್ಲಿ ಅವನಿಗೆ ಗೊತ್ತಿಲ್ಲದ ವಿಷಯವಿಲ್ಲ, ಫೋನಿನ ಚಾರ್ಜು ಇರುವ ತನಕ. ಭಾವನ ಬಿಸ್ಕತ್ತಿನ ರುಚಿ ನೋಡಿ ಮುಖ ಕಿವುಚಿದ.

"ಭಾವ, ಇದನ್ನ ತಿಂದ್ರೆ ನಾಯಿ ವೈರಾಗ್ಯ ತಗೊಳ್ಳುತ್ತೆ. ಸ್ವಲ್ಪ ಸಿಹಿ ಇರಬೇಕಪ್ಪ."

"ಸಿಹಿ ಹಾಕಬಾರದು."

"ಸಕ್ಕರೆ ಹಾಕಬಾರದು. ಸಕ್ಕರೆ ಬದಲಿಗೆ ಬರುತ್ತಲ್ಲ, ಆ ಪುಡಿ ಹಾಕಬಹುದು. ಸಕ್ಕರೆ ಕಾಯಿಲೆಯವರೇ ತಿಂತಾರೆ!"

ಮಾವ ಉತ್ತರ ಕೊಡದೆ ಎದ್ದುಹೋದರು. ಮೌನವನ್ನು ಒಪ್ಪಿಗೆ ಎಂದು ತಿಳಿಯುವುದು ವಿಶ್ವಕೋಶನ ಪಾಂಡಿತ್ಯದ ಒಂದು ಭಾಗ. ಮರುದಿನ ಮಾವ ಪೇಟೆಗೆ ಹೋದಾಗ, ಅಕ್ಕ ನಿದ್ದೆಯಲ್ಲಿದ್ದಾಗ, ಅವನು ತಾನೇ ಹಿಟ್ಟು ಕಲಸಿ, ತನ್ನ ಚಹಾಕ್ಕೆಂದು ತಂದಿದ್ದ ಸಿಹಿ ಪುಡಿಯನ್ನು ಸುರಿದು, ಭಾವನ ಅಳತೆಯಲ್ಲೇ ಬಿಸ್ಕತ್ತು ಬೇಯಿಸಿ, ಭಾವನ ಡಬ್ಬಿಗೇ ಬೆರೆಸಿಟ್ಟ. ಉಪಕಾರವನ್ನು ಸದ್ದಿಲ್ಲದೆ ಮಾಡಬೇಕೆಂಬ ಸಂಸ್ಕಾರ.

ಸಂಜೆ ಉದ್ಯಾನದಲ್ಲಿ ನಾಯಿಗಳು ಸಾಲಾಗಿ ಕೂತವು. ಮಾವ ಡಬ್ಬಿಯ ಮುಚ್ಚಳ ತೆಗೆದು ಮೊದಲ ಬಿಸ್ಕತ್ತು ಕೈಗೆತ್ತಿಕೊಂಡರು. ವಿಶ್ವಕೋಶನಿಗೆ ಗುಟ್ಟು ಹೊಟ್ಟೆಯಲ್ಲಿ ನಿಲ್ಲಲಿಲ್ಲ.

"ನೋಡ್ತಿರಿ ಭಾವ, ಇವತ್ತು ಹೆಂಗೆ ಚಪ್ಪರಿಸ್ತವೆ! ಸಿಹಿ ಪುಡಿ ಹಾಕಿ ಮಾಡಿದ್ದು, ನಂದೂ ಸೇರ್ಸಿದೀನಿ. ಹೊರಡೋವಾಗ ಮನೇಲೇ ಮಲಗಿದ್ದ ಡೀನ್‌ಗೂ ಒಂದೆರಡು ಕೊಟ್ಟೆ. ಕೈನೇ ನೆಕ್ತು!"

ವೈದ್ಯೆ ಹೇಳದ್ದೇನನ್ನೂ ಹಾಕಬಾರದೆಂದು ಒಮ್ಮೆ ಕಲಿತಿದ್ದ ಮಾವ ಬಿಸ್ಕತ್ತನ್ನು ಡಬ್ಬಿಗೆ ಎಸೆದರು. ಮುಚ್ಚಳ ಹಾಕುವ ಅವಸರದಲ್ಲಿ ಅದು ಕೆಳಗೆ ಬಿತ್ತು. ದೊಡ್ಡ ಕರಿ ನಾಯಿಯೊಂದು ಆಗಲೇ ಡಬ್ಬಿಯತ್ತ ಮೂತಿ ಚಾಚಿತ್ತು. ಮಾವ ಡಬ್ಬಿಯನ್ನು ಎದೆಗವಚಿಕೊಂಡು ಓಡಿದರು. ಬಸ್ಸಿಗಾಗಿ ಕೂಡ ಓಡದ ಮನುಷ್ಯ! ಅವರ ಹಿಂದೆ ಅವರ ಅಭಿಮಾನಿಗಳೆಲ್ಲ ಬೊಗಳುತ್ತಾ, ಹಗ್ಗ ಹಿಡಿದ ಒಡೆಯರು ಬಯ್ಯುತ್ತಾ, ಕೊನೆಯಲ್ಲಿ ವಿಶ್ವಕೋಶ "ಭಾವ, ಏನಾಯ್ತು ಭಾವ?" ಎಂದು ಏದುಸಿರು ಬಿಡುತ್ತಾ. ರಸ್ತೆಯ ಜನ ನಿಂತು ನೋಡಿದರು. ನಾಯಿ ಬಿಸ್ಕತ್ತು ಕದ್ದ ಮುದುಕನನ್ನು ನಾಯಿಗಳೇ ಹಿಡಿಯಲು ಹೊರಟಿವೆ ಎಂದು ಸುದ್ದಿಯಾಯಿತು.

ಮನೆಯಲ್ಲಿ ಡೀನ್ ಎದ್ದು ನಿಲ್ಲಲು ಹೋಗಿ ತತ್ತರಿಸಿ ಬೀಳುತ್ತಿತ್ತು. ಅತ್ತೆ ಆಗಲೇ ಆಟೋ ಕರೆಸಿದ್ದರು. ಮಾವ ನಾಯಿಯನ್ನು ಮಡಿಲಲ್ಲಿ ಹಾಕಿಕೊಂಡು ಕುಳಿತರು. ವಿಶ್ವಕೋಶ ಪುಡಿಯ ಪೊಟ್ಟಣ ಹಿಡಿದು ಮುಂದಿನ ಸೀಟಿನಲ್ಲಿ ಕುಳಿತ.

ವೈದ್ಯೆ ಪೊಟ್ಟಣ ತಿರುಗಿಸಿ ನೋಡಿದರು. "ಇದರಲ್ಲಿ ಕ್ಸೈಲಿಟಾಲ್ ಇದೆ. ಮನುಷ್ಯರಿಗೆ ತೊಂದರೆ ಇಲ್ಲ. ನಾಯಿಗಾದ್ರೆ ರಕ್ತದ ಸಕ್ಕರೆ ದಿಢೀರ್ ಅಂತ ಇಳಿಯುತ್ತೆ, ಲಿವರೂ ಹೋಗಬಹುದು. ಯಾರು ಕೊಟ್ಟಿದ್ದು?"

ವಿಶ್ವಕೋಶ ಜೀವನದಲ್ಲಿ ಮೊದಲ ಸಲ ಒಂದು ಪ್ರಶ್ನೆಗೆ ಉತ್ತರ ಗೊತ್ತಿದ್ದೂ ಸುಮ್ಮನಿದ್ದ.

"ನಮ್ಮನೆಯಿಂದಾನೇ ಆದ ತಪ್ಪು" ಎಂದರು ಮಾವ. "ಹೋದ ಸಲ ನಾನು, ಈ ಸಲ ಇನ್ನೊಬ್ಬರು. ಹೇಗಾದ್ರೂ ಉಳಿಸಿಕೊಡಿ ತಾಯಿ."

ಗ್ಲೂಕೋಸ್ ಹನಿ ಹನಿಯಾಗಿ ಇಳಿಯಿತು. ಮಾವ ಡೀನ್‌ನ ಕಿವಿ ನೇವರಿಸುತ್ತಾ ಕದಲದೆ ಕೂತರು. ಇಷ್ಟು ವರ್ಷ ಆಸ್ಪತ್ರೆಯಲ್ಲಿದ್ದೂ ಹಾಸಿಗೆಯ ಪಕ್ಕ ಕೂತು ಕಾಯುವುದು ಹೇಗಿರುತ್ತದೆಂದು ತಮಗೆ ತಿಳಿದೇ ಇರಲಿಲ್ಲ ಎಂದು ಅತ್ತೆಯ ಬಳಿ ಹೇಳಿಕೊಂಡರಂತೆ. ಮಾರನೆಯ ದಿನ ಡೀನ್ ಬಾಲದ ತುದಿಯನ್ನು ಮಾತ್ರ ಅಲ್ಲಾಡಿಸಿತು. ಮಾವ ಎದ್ದು ಗೋಡೆಯ ಕಡೆ ತಿರುಗಿ ಮೂಗು ಒರೆಸಿಕೊಂಡರು.

ಭಾವಮೈದುನನಿಗೆ ಮಾವ ಒಂದು ಕೆಟ್ಟ ಮಾತೂ ಆಡಲಿಲ್ಲ. "ಅವನಿಗೆ ಸಕ್ಕರೆ ಕಾಯಿಲೆ, ಪಥ್ಯ ಮುಖ್ಯ. ಅವನು ಇಲ್ಲಿರೋವರೆಗೂ ಅವನ ಅಡುಗೆ ನಾನೇ ಮಾಡ್ತೀನಿ" ಎಂದಷ್ಟೇ ಹೇಳಿದರು. ತಿಂಗಳು ಇರಲು ಬಂದಿದ್ದ ವಿಶ್ವಕೋಶನಿಗೆ ವಾರ ತುಂಬುವ ಮೊದಲೇ ಊರಿನಲ್ಲಿ ತುರ್ತು ಕೆಲಸ ನೆನಪಾಯಿತು. ಈಗ ಅವನು ನಮ್ಮೆಲ್ಲರ ಫೋನಿಗೂ 'ನಾಯಿಗಳಿಗೆ ಏನು ವಿಷ, ನನ್ನ ಅನುಭವದಿಂದ' ಎಂದು ಬೆಳಿಗ್ಗೆ ಬೆಳಿಗ್ಗೆ ಕಳಿಸುತ್ತಾನೆ. ಮಾವನಿಗೂ ಕಳಿಸುತ್ತಾನೆ, ತಪ್ಪದೆ ಓದಿ ಎಂಬ ಸೂಚನೆಯೊಂದಿಗೆ.

ಡೀನ್ ಮೊದಲಿಗಿಂತ ಸ್ವಲ್ಪ ನಿಧಾನವಾಗಿದೆ; ವ್ಯತ್ಯಾಸ ಕಂಡುಹಿಡಿಯುವುದು ಕಷ್ಟ. ಬಿಸ್ಕತ್ತಿನ ಡಬ್ಬಿಗೆ ಮಾವ ಬೀಗ ಹಾಕಿಸಿದ್ದಾರೆ. ಕೀಲಿ ಅವರ ಕನ್ನಡಕದ ದಾರದಲ್ಲಿ ತೂಗುತ್ತದೆ. ಮೊನ್ನೆ ನಾನು ಹೋದಾಗ ಅತ್ತೆ ಅದನ್ನು ತೋರಿಸಿ, "ನೋಡೋ, ನನ್ನ ಒಡವೆಗೆ ಬೀಗ ಹಾಕಿ ಅಂತ ಮದುವೆಯಾದಾಗಿಂದ ಹೇಳ್ತಿದೀನಿ" ಎಂದರು.

"ನಿನ್ನ ಒಡವೆ ಯಾರೂ ತಿನ್ನಲ್ವಲ್ಲ" ಎಂದ ಮಾವ, ಬೀಗ ತೆಗೆದು ನನ್ನ ಕೈಗೂ ಒಂದು ಬಿಸ್ಕತ್ತು ಇಟ್ಟು, ನಾನು ತಿನ್ನುವವರೆಗೂ ಎದುರಿಗೇ ನಿಂತರು.