ಹಲಗೆಯ ಬಲಗಡೆ

ಅಕ್ಷರ ಬರೆದೇ ಹೊಟ್ಟೆ ಹೊರೆಯುವ ನಾನು ಹುಮನಾಬಾದಿನಲ್ಲಿ ಬಸ್ಸಿಳಿದಾಗ ಒಂದು ಬೋರ್ಡನ್ನೂ ಓದಲಾರದ ಹೆಡ್ಡನಾಗಿದ್ದೆ. ಬೆಳಗಿನ ಮಂಜಿನಲ್ಲಿ ಅಂಗಡಿಗಳ ಮೇಲೆಲ್ಲ ಉರ್ದು ಅಕ್ಷರಗಳು ಬಲದಿಂದ ಎಡಕ್ಕೆ ತೇಲಿ ಹೋಗುತ್ತಿದ್ದವು. ಇನ್ನೂ ನಿದ್ದೆಯಲ್ಲೇ ಇದ್ದೇನೇನೋ ಅನ್ನಿಸಿತು.

ರಾಜ್ಯ ಒಂದಾದ ಮರುವರ್ಷ ಅದು. ಆ ಕಡೆ ಕನ್ನಡ ಬೋರ್ಡು ಬರೆಯುವವರು ಬೇಕಂತೆ ಎಂದು ಕೇಳಿ ತುಮಕೂರು ಬಿಟ್ಟಿದ್ದೆ. ಹುಮನಾಬಾದಿನಿಂದ ಮುಂದೆ ಬಸವಕಲ್ಯಾಣಕ್ಕೆ ಹೋದೆ. ಅಲ್ಲಿ ಚಹದಂಗಡಿಯ ಶರಣಪ್ಪನವರು ಮಾಳಿಗೆಯ ಕೋಣೆ ಕೊಟ್ಟರು. ನಮ್ಮಲ್ಲಿ ಮುದ್ದೆ ನುಂಗಿದರೆ ಊಟ ಮುಗಿಯಿತು. ಇಲ್ಲಿ ಜೋಳದ ರೊಟ್ಟಿ ಅಗಿಯುವಷ್ಟು ಹೊತ್ತೂ ಮಾತು. ನಾವು 'ಚೆನ್ನಾಗಿದ್ದೀರಾ' ಎಂದರೆ ಇವರು 'ತಬೀಯತ್ ಹ್ಯಾಂಗದ' ಎನ್ನುತ್ತಾರೆ. ಮೈ, ಮನಸ್ಸು ಎರಡನ್ನೂ ಸೇರಿಸಿ ಕೇಳುವ ಮಾತು ಅದು. ನನಗದು ಬೇಗ ತಿಳಿಯಲಿಲ್ಲ.

ಹಳೆಯ ಬೋರ್ಡುಗಳ ಮೇಲೆ ಬಿಳಿ ಬಣ್ಣ ಬಳಿದು ಕನ್ನಡ ಬರೆಯುತ್ತ ಹೋದೆ. ಎದುರಿನ ಕಟ್ಟೆಯ ಮೇಲೆ ಮುದುಕರೊಬ್ಬರು ದಿನವೂ ಕೂತು ನೋಡುತ್ತಿದ್ದರು. ನನ್ನ ಕೈಚಳಕಕ್ಕೆ ಮರುಳಾಗಿದ್ದಾರೆಂದು ಬೀಗಿದೆ. ಒಮ್ಮೆ ವಾರವಾದರೂ ಅವರು ಬರಲಿಲ್ಲ. ಅವರು ಖಾದರ್ ಉಸ್ತಾದರು, ನಾನು ಅಳಿಸಿದ ಬೋರ್ಡುಗಳನ್ನೆಲ್ಲ ಬರೆದವರು ಎಂದು ಶರಣಪ್ಪನವರು ಹೇಳಿದರು. ಈಗ ಹಾಸಿಗೆ ಬಿಟ್ಟೇಳುವುದಿಲ್ಲ, ಸರಿಯಾಗಿ ಉಣ್ಣುವುದಿಲ್ಲ, ಕುಂಚ ಮುಟ್ಟುವುದಿಲ್ಲವಂತೆ.

ನಾಚಿಕೆಯಿಂದ ಕುಗ್ಗಿಹೋದೆ. ಬಾಳೆಹಣ್ಣು ಹಿಡಿದು ಅವರ ಮನೆಗೆ ಹೋದೆ. ಮೈಯಲ್ಲಿ ಯಾವ ರೋಗವೂ ಇಲ್ಲವೆಂದು ಹಕೀಮರು ಹೇಳಿದ್ದಾರೆ ಎಂದರು ಅವರ ಹೆಂಡತಿ. ನಾನೊಬ್ಬ ದಡ್ಡ, ಅಂಥ ಉಸ್ತಾದರಿಗೆ, ಬಣ್ಣ ಕಲಸಿಕೊಡಲು ನನ್ನ ಜೊತೆ ಬನ್ನಿ ಎಂದುಬಿಟ್ಟೆ. ಉಸ್ತಾದರು ಗೋಡೆಯ ಕಡೆ ಹೊರಳಿ ಮಲಗಿದರು.

"ಸಮಾಧಾನ ಹೇಳಾಕ ಹೋಗಬ್ಯಾಡ್ರಿ," ಎಂದರು ಶರಣಪ್ಪನವರು. "ಸುಮ್ಕ ಹೋಗಿ ಕುಂತು ಬರ್ರಿ."

ದಿನವೂ ಸಂಜೆ ಹೋಗಿ ಕೂತೆ. ಚಹಾ ಆರುತ್ತಿತ್ತು. ಕಿಟಕಿಯಾಚೆ ಕೋಟೆಯ ಪಾರಿವಾಳಗಳು ಎದ್ದು, ಸುತ್ತಿ, ಮತ್ತೆ ಕೂರುತ್ತಿದ್ದವು. ಯಾರೂ ಇಲ್ಲದ ಊರಲ್ಲಿ ನನಗೂ ಆ ಮೌನ ಹಿತವಾಯಿತು. ತಿಂಗಳುಗಳ ಮೇಲೆ ಒಂದು ಸಂಜೆ, ನಾನು ಅಳಿಸಬಾರದಿತ್ತು ಎಂದೆ. ಅವರು ನನ್ನ ಕಡೆ ಹೊರಳಿದರು.

"ಅಳಿಸೂದು ಇರ್ಲಿ ಬೇಟಾ. ಒಂದ್ ಮಾತ್ ಕೇಳಿದ್ದರ ನಾನೇ ಅಳಿಸಿ ಕೊಡ್ತಿದ್ದೆ."

ಮರುದಿನ ಶರಣಪ್ಪನವರನ್ನು ಒಪ್ಪಿಸಿ ಅವರ ಅಂಗಡಿಗೆ ಹೊಸ ಹಲಗೆ ತಂದೆ. ಎಡ ಅರ್ಧದಲ್ಲಿ ಕನ್ನಡ ಬರೆದು, ಉಸ್ತಾದರ ಮುಂದಿಟ್ಟು, ಬಲಗಡೆ ನೀವು ಬರೆಯುತ್ತೀರಾ ಎಂದು ಕೇಳಿದೆ. ಹಲಗೆಯನ್ನು ಅಲ್ಲೇ ಬಿಟ್ಟು ಬಂದೆ. ನಾಲ್ಕನೆಯ ದಿನ ಹೋದಾಗ ಉರ್ದು ಅಕ್ಷರಗಳು ಬಲದಂಚಿನಿಂದ ಹೊರಟು ನನ್ನ ಕನ್ನಡದ ಪಕ್ಕಕ್ಕೆ ಬಂದು ನಿಂತಿದ್ದವು. ಗೆರೆ ಅಲ್ಲಲ್ಲಿ ನಡುಗಿತ್ತು. "ನಿನ್ನ ತಬೀಯತ್ ಹ್ಯಾಂಗದ?" ಎಂದು ಅವರೇ ಕೇಳಿದರು. ನನಗೆ ಅಳು ಬಂತು.

ಆಮೇಲೂ ಅವರು ಏಳಲಾರದ ದಿನಗಳಿದ್ದವು. ಆಗ ಕೆಲಸ ನಿಲ್ಲಿಸಿ ಹೋಗಿ ಕೂರುತ್ತಿದ್ದೆ. ಹಾಗೆಯೇ ಹನ್ನೊಂದು ವರ್ಷ ಜೊತೆಗೆ ಬರೆದೆವು.

ಅವರು ತೀರಿಕೊಂಡ ಮೇಲೆ ತುಮಕೂರಿಗೆ ಹೋಗಿದ್ದೆ. ತಮ್ಮನ ಅಂಗಡಿಗೆ ಬೋರ್ಡು ಬರೆದುಕೊಟ್ಟೆ. ಅವನು ನೋಡಿ, ಅರ್ಧ ಯಾಕಣ್ಣ ಖಾಲಿ ಬಿಟ್ಟೆ ಎಂದ. ನೋಡಿದರೆ ಬಲಗಡೆ ಬರೀ ಬಿಳಿ. ತುಂಬಿಸಲು ಕುಂಚ ಎತ್ತಿದೆ, ಕೈ ಬರಲಿಲ್ಲ. ಯಾರನ್ನು ಕೇಳಿ ಬರೆಯಲಿ?