ಚಲ್ಬಿಯಿಂದ ಬಂದ ಹಾಲು

ನೈರೋಬಿಯ ಕಿಲಿಮಾನಿ ಬಡಾವಣೆಯ ನಮ್ಮ ಅಡುಗೆಮನೆಯಲ್ಲಿ ಮೊನ್ನೆಯಿಂದ ಹೊಗೆಯ ವಾಸನೆ. ನಾರಿನಿಂದ ಹೆಣೆದ ಪುಟ್ಟ ಪಾತ್ರೆಯೊಂದರದು. ಒಂಟೆ ಹಾಲು ಬೇಗ ಕೆಡದಿರಲೆಂದು ಅದರೊಳಗೆ ಹೊಗೆ ಹಿಡಿಸುತ್ತಾರೆ. ಮಗಳು ಮೂಗು ಮುಚ್ಚಿಕೊಂಡು "ಅಪ್ಪಾ, ಇಟ್ ಸ್ಟಿಂಕ್ಸ್" ಅಂದಳು. ನನಗೆ ಅದನ್ನು ಎಸೆಯುವ ಮನಸ್ಸಿಲ್ಲ. ಎದುರಿಗಿಟ್ಟುಕೊಳ್ಳಲು ಮುಖವೂ ಇಲ್ಲ.

ಉತ್ತರ ಕೀನ್ಯಾದ ಮಾರ್ಸಬಿಟ್ ಪಟ್ಟಣ ದಾಟಿ ಚಲ್ಬಿ ಮರುಭೂಮಿಯ ಅಂಚಿಗೆ ಹೋದರೆ ಒಂದು ಊರಿದೆ. ಊರು ಅಂದಕೂಡಲೇ ನೀವು ಬೀದಿ, ಅಂಗಡಿ ಎಂದೆಲ್ಲ ಊಹಿಸಿಕೊಳ್ಳಬೇಡಿ. ಚಾಪೆ ಹೊದಿಸಿದ ಗುಮ್ಮಟದಂಥ ಗುಡಿಸಲುಗಳು, ಒಂದು ಬಾವಿ, ಉಪ್ಪುಗಟ್ಟಿದ ಬಿಳಿ ನೆಲ, ದಿನವಿಡೀ ಗಾಳಿ. ಮೊಬೈಲ್ ಟವರಿಗೆ ಜಾಗ ನೋಡಲು ಕಂಪನಿ ನನ್ನನ್ನು ಅಲ್ಲಿಗೆ ಕಳಿಸಿತ್ತು. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಪಳಗಿದ ಶೂರನಾದ ನಾನು ಮೊದಲ ಮಧ್ಯಾಹ್ನವೇ ಬಿಸಿಲಿಗೆ ಕುಸಿದೆ. ತಲಾಸೊ ಎಂಬ ಹಿರಿಯ ಹೆಂಗಸು ತಮ್ಮ ಗುಡಿಸಲಲ್ಲಿ ಮಲಗಿಸಿ, ಹಾಲು ಕುಡಿಸಿ, ಜ್ವರ ಇಳಿಯುವವರೆಗೂ ನೋಡಿಕೊಂಡರು. ಅವರ ಮಗಳು ಇಲ್ಲೇ ನೈರೋಬಿಯ ಎಂಬಕಸಿಯಲ್ಲಿ ಕೆಲಸಕ್ಕಿದ್ದಳು. "ನಿಮ್ಮ ಕಂಬ ಬಂದ್ರೆ ಅವಳ ದನಿ ಕೇಳಬಹುದು," ಎಂದಿದ್ದರು. ಅವರ ಮಾತನ್ನು ನನಗೆ ತಿಳಿಸುತ್ತಿದ್ದವನು ನಮ್ಮ ಡ್ರೈವರ್ ಗುಯೋ, ಅದೇ ಸೀಮೆಯವನು.

ವರದಿ ಕೊಟ್ಟೆ. ಅಷ್ಟು ಕಡಿಮೆ ಜನರಿಗೆ ಟವರ್ ಗಿಟ್ಟುವುದಿಲ್ಲ ಎಂದು ಕಂಪನಿ ಕೈಬಿಟ್ಟಿತು. ನಾನೂ ಬೇರೆ ಕೆಲಸದಲ್ಲಿ ತೊಡಗಿದೆ.

ಮೊನ್ನೆ ಭಾನುವಾರ ಗುಯೋ ಫೋನ್ ಮಾಡಿದ. ತಲಾಸೊ ಮಗಳ ಮನೆಗೆ ಬಂದಿದ್ದಾರೆ, ನನ್ನನ್ನು ನೋಡಬೇಕಂತೆ. ಹೋದೆ. ಅವರು ನನ್ನ ಎರಡೂ ಕೈ ಹಿಡಿದುಕೊಂಡು ಏನೋ ಹೇಳಿದರು. ಬಸ್ಸಿನಲ್ಲಿ ಅಷ್ಟು ದೂರ ತೊಡೆಯ ಮೇಲಿಟ್ಟುಕೊಂಡು ತಂದ ಹಾಲಿನ ಪಾತ್ರೆಯನ್ನು ನನ್ನ ಮುಂದಿಟ್ಟರು. ಗುಯೋ ನೆಲ ನೋಡುತ್ತ, "ನಮಗೋಸ್ಕರ ಕಂಪನಿ ದೊಡ್ಡವರ ಹತ್ರ ಜಗಳ ಆಡಿದ್ರಲ್ಲ, ಅದಕ್ಕೇ ಹಾಲು ತಂದಿದ್ದೀನಿ ಅಂತಿದ್ದಾರೆ," ಎಂದ.

"ನಾನೆಲ್ಲಪ್ಪ ಜಗಳ ಆಡಿದೆ?"

"ನಾನೇ ಹಾಗಂದಿದ್ದು, ಬಾಸ್. ಟವರ್ ಬರಲ್ಲ ಅಂತ ಬರಿದೇ ಹೇಳೋಕೆ ಬಾಯಿ ಬರ್ಲಿಲ್ಲ."

ನಕ್ಕು, ಪಾತ್ರೆ ಎತ್ತಿಕೊಂಡು ಬಂದುಬಿಡಬಹುದಿತ್ತು.

"ಆಡ್ಲಿಲ್ಲ ಅಂತ ಹೇಳು," ಎಂದೆ.

ಗುಯೋ ಹೇಳಿದ. ತಲಾಸೊ ನನ್ನನ್ನೇ ನೋಡಿದರು. ಸಿಟ್ಟು ಕಾಣಲಿಲ್ಲ, ಕಂಡಿದ್ದರೆ ಸುಲಭವಾಗುತ್ತಿತ್ತು.

"ಕೇಳಿದ್ರೆ ಕಂಬ ಕೊಡ್ತಿದ್ರಾ?" ಅವರ ಪ್ರಶ್ನೆಯನ್ನು ಗುಯೋ ತಿಳಿಸಿದ.

"ಗೊತ್ತಿಲ್ಲಮ್ಮ."

"ಕೇಳೇ ಇಲ್ವಾ?"

ಅವರ ಮಗಳು ಟೀ ಲೋಟ ಹಿಡಿದು ಬಾಗಿಲಲ್ಲೇ ನಿಂತಳು. ನಾನು ಪಾತ್ರೆಯನ್ನು ಮೆಲ್ಲಗೆ ತಲಾಸೊ ಕಡೆಗೆ ಸರಿಸಿದೆ. ಅವರು ಮತ್ತೆ ನನ್ನತ್ತಲೇ ತಳ್ಳಿದರು. "ತಂದದ್ದನ್ನ ವಾಪಸ್ ಹೊತ್ಕೊಂಡು ಹೋಗ್ಲಾ? ಕುಡಿ."

ಅವರೆದುರೇ ಕುಡಿದೆ. ಗಂಟಲಲ್ಲಿ ಇಳಿಯಲಿಲ್ಲ ಅಂದರೆ ಸುಳ್ಳಾದೀತು, ಚೆನ್ನಾಗಿಯೇ ಇಳಿಯಿತು. ನಾಚಿಕೆಯಾದದ್ದು ಅದಕ್ಕೂ. ಬರಿದಾದ ಪಾತ್ರೆಯನ್ನೂ ನನ್ನ ಕೈಗೇ ಕೊಟ್ಟು ಕಳಿಸಿದರು.

ಇವತ್ತು ಬೆಳಿಗ್ಗೆ ಮ್ಯಾನೇಜರ್ ಕೋಣೆಗೆ ಹೋಗಿ ಚಲ್ಬಿಯ ಟವರಿನ ಮಾತೆತ್ತಿದೆ. ಮಂಗಳೂರಿನವರು, ಒಳ್ಳೆಯವರೇ.

"ಆ ಫೈಲು ಮುಗಿದದ್ದಲ್ವಾ ಮಾರಾಯ್ರೆ?"

"ಮುಗಿದಿದೆ ಸರ್. ನಾನಿನ್ನೂ ಕೇಳಿರಲಿಲ್ಲ. ಕೇಳೋಣ ಅಂತ ಬಂದೆ."

ಅವರು ಗಡಿಯಾರ ನೋಡಿದರು. ನಾನು ಕುರ್ಚಿ ಎಳೆದುಕೊಂಡು ಕೂತೆ.